ಬಂದು ಹೋಗುವ ಕುಂಟು: ನಾಯಿ ಸಾಕಿದವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತಿವೆ. ನಾಯಿ ಚಿಕ್ಕ ವಯಸ್ಸಿನದು, ಚೆನ್ನಾಗಿ ತಿನ್ನುತ್ತದೆ, ಓಡುತ್ತದೆ, ಆದರೆ ಆಗಾಗ ಕುಂಟುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಸರಿಯಾಗುತ್ತದೆ. ಹಾಗಾಗಿ ಇಡೀ ಅಂಕಣ ಇದಕ್ಕೇ. ಬೆಕ್ಕು, ಗಿಳಿಗಳ ಬಗ್ಗೆ ಬರೆದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಿರಿ.

ಪ್ರಶ್ನೆ (ಡೊಂಬಿವಲಿ): ಡಾಕ್ಟರೇ, ನಮ್ಮ ಬ್ರೂನೋ ಲ್ಯಾಬ್ರಡಾರ್, 11 ತಿಂಗಳು, ತೂಕ 36 ಕಿಲೋ. ಬೆಳಿಗ್ಗೆ ನಮ್ಮವರು ಮೈದಾನಕ್ಕೆ ಕರೆದುಕೊಂಡು ಹೋಗಿ ಮುಕ್ಕಾಲು ಗಂಟೆ ಚೆಂಡು ಎಸೆದು ಆಡಿಸುತ್ತಾರೆ. ಆಗ ಏನೂ ಇಲ್ಲ. ಮನೆಗೆ ಬಂದು ಮಲಗಿ ಎದ್ದಾಗ ಹಿಂದಿನ ಬಲಗಾಲು ಎಳೆಯುತ್ತಾನೆ, ಹತ್ತು ಹೆಜ್ಜೆ ಹಾಕಿದರೆ ಸರಿಹೋಗುತ್ತದೆ. ಡಾಕ್ಟರ್ ಹತ್ತಿರ ಹೋದರೆ ಅಲ್ಲಿ ಕುಂಟಲೇ ಇಲ್ಲ. 5 ದಿನ ನೋವಿನ ಮಾತ್ರೆ ಕೊಟ್ಟರು, ಆಗ ಚೆನ್ನಾಗಿದ್ದ, ಈಗ ಮತ್ತೆ ಶುರು. "ಬೆಳೆಯೋ ವಯಸ್ಸು, ಬಿಡು" ಅಂತಾರೆ ನಮ್ಮವರು. ಕ್ಯಾಲ್ಸಿಯಂ ಹಾಕಿ ಅಂತಾರೆ ಪಕ್ಕದ ಮನೆಯವರು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಮಲಗಿ ಎದ್ದಾಗ ಕುಂಟುತ್ತಾನೆ, ನಡೆದರೆ ಸಡಿಲವಾಗುತ್ತದೆ ಅಂತ ಬರೆದಿದ್ದೀರಿ. ಎಷ್ಟು ಕುಂಟುತ್ತಾನೆ ಅನ್ನುವುದಕ್ಕಿಂತ ಯಾವಾಗ ಕುಂಟುತ್ತಾನೆ ಅನ್ನುವುದು ನಮಗೆ ಹೆಚ್ಚು ಹೇಳುತ್ತದೆ. ವಿಶ್ರಾಂತಿಯ ನಂತರದ ಕುಂಟು ಸಾಮಾನ್ಯವಾಗಿ ಕೀಲಿನದು. ಓಡುತ್ತಾ ಓಡುತ್ತಾ ಒಮ್ಮೆಲೇ ಕಾಲೆತ್ತಿ ಮತ್ತೆ ಇಟ್ಟರೆ ಮಂಡಿಚಿಪ್ಪಿನ ಮೇಲೆ ಅನುಮಾನ. ನಡೆದಷ್ಟೂ ಜಾಸ್ತಿಯಾದರೆ ಪಾದದಲ್ಲೋ ಸ್ನಾಯುವಿನಲ್ಲೋ ಪೆಟ್ಟಿರಬಹುದು. ಇವತ್ತು ಒಂದು ಕಾಲು, ಮುಂದಿನ ವಾರ ಇನ್ನೊಂದು ಕಾಲು ಅಂದರೆ ಅದು ಬೇರೆಯೇ ಕಥೆ, ಕೆಳಗೆ ಪುಣೆಯ ಪತ್ರಕ್ಕೆ ಬರೆದಿದ್ದೇನೆ.

ಕ್ಲಿನಿಕ್‌ನಲ್ಲಿ ಬ್ರೂನೋ ಕುಂಟದೇ ಇದ್ದದ್ದರಲ್ಲಿ ಆಶ್ಚರ್ಯ ಇಲ್ಲ. ಹೊಸ ಜಾಗ, ಹೊಸ ವಾಸನೆ, ಭಯ. ಆ ಗಾಬರಿಯಲ್ಲಿ ನೋವು ಮುಚ್ಚಿಹೋಗುತ್ತದೆ. ಆದ್ದರಿಂದ ಮನೆಯಲ್ಲೇ ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ಮಲಗಿದಲ್ಲಿಂದ ಏಳುವ ಕ್ಷಣ ಮತ್ತು ಮೊದಲ ಹತ್ತು ಹೆಜ್ಜೆ ಅದರಲ್ಲಿ ಬರಲೇಬೇಕು. ಆಮೇಲೆ ಸೊಸೈಟಿ ಅಂಗಳದಲ್ಲಿ ಬೆಲ್ಟ್ ಹಿಡಿದು ನಿಧಾನವಾಗಿ ನಡೆಸಿ, ಪಕ್ಕದಿಂದ ಒಂದು, ಹಿಂದಿನಿಂದ ಒಂದು, ಎದುರಿನಿಂದ ಒಂದು ತೆಗೆಯಿರಿ. ಓಡಿಸಬೇಡಿ, ಓಟದಲ್ಲಿ ಏನೂ ಗೊತ್ತಾಗುವುದಿಲ್ಲ. ಹಿಂಗಾಲಿನ ನೋವಿದ್ದರೆ ಆ ಕಾಲು ನೆಲಕ್ಕೆ ತಾಗುವಾಗ ಆ ಬದಿಯ ಸೊಂಟ ಮೇಲಕ್ಕೆ ಏರುತ್ತದೆ. ಮುಂಗಾಲಿನದಾದರೆ ನೋವಿನ ಕಾಲು ಊರುವಾಗ ತಲೆ ಮೇಲೆ ಹೋಗುತ್ತದೆ, ಒಳ್ಳೆಯ ಕಾಲು ಊರುವಾಗ ಕೆಳಗೆ ಬರುತ್ತದೆ. ತುಂಬ ಜನ ಇದನ್ನು ಉಲ್ಟಾ ನೋಡಿ ತಪ್ಪು ಕಾಲು ತೋರಿಸುತ್ತಾರೆ. ಇನ್ನೆರಡು ವಿಷಯ ಗಮನಿಸಿ. ಕೂರುವಾಗ ಬಲಗಾಲನ್ನು ಮಡಚದೆ ಹೊರಗೆ ಚಾಚಿ ಕೂರುತ್ತಾನಾ? ಮೆಟ್ಟಿಲು ಹತ್ತುವಾಗ ಎರಡೂ ಹಿಂಗಾಲು ಜೊತೆಗಿಟ್ಟು ಮೊಲದ ಹಾಗೆ ಕುಪ್ಪಳಿಸುತ್ತಾನಾ? ಮೊದಲನೆಯದು ಮಂಡಿಯ ಕಡೆ ಬೆರಳು ತೋರಿಸುತ್ತದೆ, ಎರಡನೆಯದು ಸೊಂಟದ ಕೀಲಿನ ಕಡೆ.

ಲ್ಯಾಬ್ರಡಾರ್, ಈ ವಯಸ್ಸು, ಹಿಂಗಾಲು ಅಂದಾಗ ಮೊದಲು ನೋಡಬೇಕಾದ್ದು ಸೊಂಟದ ಕೀಲು. ಹಿಪ್ ಡಿಸ್ಪ್ಲೇಸಿಯಾ ಅನ್ನುವ ಹೆಸರು ನೀವು ಕೇಳಿರಬಹುದು. ತೊಡೆ ಮೂಳೆಯ ಗುಂಡನೆಯ ತುದಿ ಸೊಂಟದ ಗುಳಿಯಲ್ಲಿ ಬಿಗಿಯಾಗಿ ಕೂರದೆ ಸಡಿಲವಾಗಿ ಆಡುತ್ತಿರುತ್ತದೆ. ವಂಶದಿಂದ ಬರುತ್ತದೆ, ಆದರೆ ತೂಕ ಜಾಸ್ತಿಯಾದರೆ, ಬೇಗ ಬೇಗ ಬೆಳೆಸಿದರೆ ಹೆಚ್ಚಾಗುತ್ತದೆ. ಇದರಲ್ಲಿ ಮೋಸ ಎಲ್ಲಿದೆ ಗೊತ್ತಾ? 5ರಿಂದ 12 ತಿಂಗಳ ಒಳಗೆ ಮೊದಲ ನೋವು ಕಾಣಿಸಿಕೊಳ್ಳುತ್ತದೆ, ಆಮೇಲೆ ಕೀಲಿನ ಸುತ್ತಲಿನ ಪೊರೆ ದಪ್ಪವಾಗಿ ಬಿಗಿದುಕೊಂಡು ಎಷ್ಟೋ ನಾಯಿಗಳಲ್ಲಿ ಕುಂಟು ತಾನಾಗಿಯೇ ನಿಂತುಬಿಡುತ್ತದೆ, ಮನೆಯವರು ಸರಿಹೋಯಿತು ಅಂತ ಮರೆತುಬಿಡುತ್ತಾರೆ, ಒಳಗೆ ಮಾತ್ರ ಕೀಲು ಸವೆಯುತ್ತಲೇ ಇದ್ದು ಕೆಲವು ವರ್ಷಗಳ ನಂತರ ಸಂಧಿವಾತವಾಗಿ ಹೊರಗೆ ಬರುತ್ತದೆ. "ಬೆಳೆಯೋ ವಯಸ್ಸು, ಬಿಡು" ಅನ್ನುವ ನಿಮ್ಮ ಯಜಮಾನರ ಮಾತಿಗೆ ನಾನು ಒಪ್ಪದಿರುವುದು ಇದಕ್ಕೇ.

ಎರಡನೆಯ ಅನುಮಾನ ಮಂಡಿಯ ಒಳಗಿನ ಲಿಗಮೆಂಟ್, ಅಂದರೆ ಎರಡು ಮೂಳೆಗಳನ್ನು ಕಟ್ಟಿ ಹಿಡಿಯುವ ಪಟ್ಟಿ. ಮನುಷ್ಯರಿಗೆ ಅದು ಆಟದಲ್ಲಿ ಒಮ್ಮೆಲೇ ಕಿತ್ತುಹೋಗುತ್ತದೆ. ನಾಯಿಗಳಲ್ಲಿ ಹೆಚ್ಚಾಗಿ ಎಳೆ ಎಳೆಯಾಗಿ ಸವೆದು ಹರಿಯುತ್ತದೆ. ಅರ್ಧ ಹರಿದಿದ್ದಾಗ ಇದೇ ರೀತಿ ಬಂದು ಹೋಗುವ ಕುಂಟು ಇರುತ್ತದೆ. ಒಂದು ಕಾಲಿನಲ್ಲಿ ಹರಿದವರಲ್ಲಿ ಸುಮಾರು ಅರ್ಧದಷ್ಟು ನಾಯಿಗಳಿಗೆ ಮುಂದೆ ಇನ್ನೊಂದು ಕಾಲಿಗೂ ಬರುತ್ತದೆ, ಹಾಗಾಗಿ ಬೇಗ ಗೊತ್ತಾದರೆ ಒಳ್ಳೆಯದು.

ಎಕ್ಸ್‌ರೇ ಮಾಡಿಸಿ. ಸೊಂಟದ ಎಕ್ಸ್‌ರೇಗೆ ನಾಯಿಯನ್ನು ಬೆನ್ನ ಮೇಲೆ ಮಲಗಿಸಿ ಎರಡೂ ಕಾಲು ನೇರ ಎಳೆದು ಹಿಡಿಯಬೇಕು. ಎಚ್ಚರ ಇರುವ ನಾಯಿ ಒದ್ದಾಡುತ್ತದೆ, ಚಿತ್ರ ಓರೆಯಾಗುತ್ತದೆ, ಓರೆ ಚಿತ್ರ ನೋಡಿ ಏನೂ ಹೇಳಲಾಗುವುದಿಲ್ಲ. ಮಂಪರು ಬರಿಸಿ ತೆಗೆಯುತ್ತೀರಾ ಅಂತ ಧೈರ್ಯವಾಗಿ ಕೇಳಿ. ಹತ್ತಿರದಲ್ಲಿ ಸೌಲಭ್ಯ ಇಲ್ಲದಿದ್ದರೆ ಮುಂಬೈಯ ಪರೇಲಿನಲ್ಲಿ ಬಾಂಬೆ ವೆಟರಿನರಿ ಕಾಲೇಜು ಇದೆ, 1886ರಿಂದ ನಡೆಯುತ್ತಿರುವ ಸಂಸ್ಥೆ, ಪಕ್ಕದಲ್ಲೇ ಬಾಯಿ ಸಾಕರಬಾಯಿ ಹೆಸರಿನ ಹಳೆಯ ಪ್ರಾಣಿ ಆಸ್ಪತ್ರೆ. ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ನವರ ಆಸ್ಪತ್ರೆ 2024ರಲ್ಲಿ ಶುರುವಾಗಿದೆ. ಅದರ ಹಿಂದೆಯೂ ಕೀಲಿನದೇ ಕಥೆ ಇದೆ. ರತನ್ ಟಾಟಾ ತಮ್ಮ ನಾಯಿಯ ಕೀಲು ಬದಲಿಸಲು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದವರೆಗೆ ಕರೆದುಕೊಂಡು ಹೋಗಿದ್ದರು. ಅಷ್ಟರಲ್ಲಿ ತಡವಾಗಿತ್ತು. ಬದಲಿಸಲು ಆಗಲಿಲ್ಲ, ಕೀಲನ್ನು ಒಂದೇ ಭಂಗಿಯಲ್ಲಿ ಕೂಡಿಸಬೇಕಾಯಿತು. ಸೊಂಟದ ವಿಷಯದಲ್ಲೂ ಹಾಗೇ. ಕೆಲವು ಆಪರೇಷನ್‌ಗಳನ್ನು ಸವೆತ ಶುರುವಾಗುವ ಮೊದಲೇ ಮಾಡಬೇಕು. ನಾವು ಕಾಯುತ್ತಾ ಕೂತರೆ ಆ ಬಾಗಿಲುಗಳು ಮುಚ್ಚುತ್ತವೆ. ಎಲ್ಲರಿಗೂ ಆಪರೇಷನ್ ಬೇಕು ಅಂತಲ್ಲ, ಹೆಚ್ಚಿನ ನಾಯಿಗಳು ತೂಕ, ವ್ಯಾಯಾಮ, ಔಷಧಿಯಲ್ಲೇ ಚೆನ್ನಾಗಿ ಬದುಕುತ್ತವೆ. ಆದರೆ ಏನಾಗಿದೆ ಅಂತ ಗೊತ್ತಿರಬೇಕು, ಅಲ್ವಾ?

ಈಗ ಮನೆಯಲ್ಲಿ ಮಾಡುವುದು. ಚೆಂಡು ಇವತ್ತೇ ಎತ್ತಿಡಿ. ಓಡಿ ಹೋಗಿ ಒಮ್ಮೆಲೇ ನಿಲ್ಲುವುದು, ತಿರುಗುವುದು, ಜಿಗಿಯುವುದು, ಇಷ್ಟೂ ಬೆಳೆಯುವ ಕೀಲಿನ ಮೇಲೆ ಬೀಳುತ್ತದೆ. ಎರಡು ವಾರ ವಿಶ್ರಾಂತಿ ಕೊಡಿ. ವಿಶ್ರಾಂತಿ ಅಂದರೆ ಫ್ಲ್ಯಾಟಿನಲ್ಲಿ ಬಿಟ್ಟುಬಿಡುವುದಲ್ಲ. ಡೋರ್‌ಬೆಲ್ ಆದಾಗ ಜಾರುತ್ತಾ ಓಡಿದರೆ, ಸೋಫಾದಿಂದ ಹಾರಿದರೆ ಅದು ವಿಶ್ರಾಂತಿ ಆಗಲಿಲ್ಲ. ಬೆಲ್ಟ್ ಹಾಕಿ 5-10 ನಿಮಿಷ, ಶೌಚಕ್ಕೆ ಮಾತ್ರ, ಲಿಫ್ಟ್‌ನಲ್ಲೇ ಕರೆದುಕೊಂಡು ಹೋಗಿ. ಮುಂಬೈ ಮನೆಗಳ ನುಣುಪು ಟೈಲ್ಸ್ ಇಂಥ ನಾಯಿಗಳಿಗೆ ದೊಡ್ಡ ಶತ್ರು. ಅವನು ಓಡಾಡುವ ದಾರಿಗೆ ಹಳೆಯ ಚಾಪೆ, ರಬ್ಬರ್ ಮ್ಯಾಟ್ ಏನಾದರೂ ಹಾಸಿ, ಉಗುರು ಕತ್ತರಿಸಿ, ಪಾದದ ಮೆತ್ತೆಗಳ ನಡುವೆ ಬೆಳೆದ ಕೂದಲು ಟ್ರಿಮ್ ಮಾಡಿ.

ಇನ್ನು ತೂಕ. 36 ಕಿಲೋ ಈ ವಯಸ್ಸಿನ ಲ್ಯಾಬ್ರಡಾರ್‌ಗೆ ಜಾಸ್ತಿ ಇರಬಹುದು. ತಕ್ಕಡಿಗಿಂತ ಕೈ ನಂಬಿ. ಪಕ್ಕೆಲುಬಿನ ಮೇಲೆ ಅಂಗೈ ಸವರಿದರೆ ಒತ್ತದೆಯೇ ಎಲುಬು ಸಿಗಬೇಕು, ಮೇಲಿನಿಂದ ನೋಡಿದರೆ ನಡು ಸಣ್ಣಗೆ ಕಾಣಬೇಕು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ಸಾಕಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಊಟ ಕೊಟ್ಟು ಜೀವನಪೂರ್ತಿ ಗಮನಿಸಿದ್ದರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವುಗಳ ಕೀಲು ತಡವಾಗಿ ಸವೆದವು, ಆಯಸ್ಸೂ ಸುಮಾರು 2 ವರ್ಷ ಹೆಚ್ಚು. ಔಷಧಿ ಅಂಗಡಿಯಲ್ಲಿ ಸಿಗುವ ಯಾವ ಕೀಲಿನ ಪುಡಿಗೂ ಇಷ್ಟು ಗಟ್ಟಿ ಸಾಕ್ಷಿ ಇಲ್ಲ. ಚಪಾತಿ ತುದಿ, ಬಿಸ್ಕತ್ತು, ಮೊಸರನ್ನದ ತುತ್ತು ಎಲ್ಲ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕ್ಯಾಲ್ಸಿಯಂ ಬೇಡ. ಕಂಪನಿಯ ಪಪ್ಪಿ ಫುಡ್ ತಿನ್ನುವ ದೊಡ್ಡ ತಳಿಯ ಮರಿಗೆ ಅದರಲ್ಲೇ ಬೇಕಾದಷ್ಟು ಇರುತ್ತದೆ. ಸಣ್ಣ ಮರಿಗಳ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇಲ್ಲ, ಕೊಟ್ಟದ್ದೆಲ್ಲ ಒಳಗೆ ಹೋಗಿ ಮೂಳೆ ಬೆಳವಣಿಗೆಯನ್ನೇ ಕೆಡಿಸುತ್ತದೆ. ಮತ್ತೆ ಆ ನೋವಿನ ಮಾತ್ರೆ: ಕೊಟ್ಟಾಗ ಕಡಿಮೆಯಾಗಿ, ನಿಲ್ಲಿಸಿದಾಗ ಮರಳಿದರೆ ನೋವಿಗೆ ಕಾರಣ ಅಲ್ಲೇ ಇದೆ ಅಂತ ಅರ್ಥ. ಇದನ್ನು ಹಾಗೇ ನಿಮ್ಮ ಡಾಕ್ಟರಿಗೆ ಹೇಳಿ, ವಿಡಿಯೋ ತೋರಿಸಿ. ಅವರಿಗೂ ಸಹಾಯವಾಗುತ್ತದೆ.

ಪ್ರಶ್ನೆ (ಪುಣೆ, ಕೋಥರೂಡ್): ನಮಸ್ಕಾರ ಡಾಕ್ಟರೇ. ನಾನು ಬೆಳಗಾವಿಯವನು, ಇಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಅಣ್ಣನ ಮನೆಯಲ್ಲಿ 8 ತಿಂಗಳ ಜರ್ಮನ್ ಶೆಫರ್ಡ್ ಗಂಡು ನಾಯಿ ಇದೆ, ಹೆಸರು ರಾಜಾ. ಎರಡು ವಾರದ ಹಿಂದೆ ಮುಂದಿನ ಎಡಗಾಲು ಕುಂಟುತ್ತಿದ್ದ, ಸರಿಯಾಯಿತು. ಈಗ ಹಿಂದಿನ ಬಲಗಾಲು. ಊಟ ಸ್ವಲ್ಪ ಕಡಿಮೆ. ದಿನಾ ಇಲ್ಲಿನ ಗುಡ್ಡ ವೇತಾಳ ಟೇಕಡಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಎಲ್ಲೋ ಪೆಟ್ಟಾಗಿದೆಯಾ?

ಉತ್ತರ: ನೋಡಪ್ಪಾ, ಪೆಟ್ಟಾದರೆ ಒಂದೇ ಕಾಲಿಗೆ ಆಗುತ್ತದೆ. ಕಾಲಿಂದ ಕಾಲಿಗೆ ಹೋಗುವ ಕುಂಟಿಗೆ ಈ ಭಾಗದಲ್ಲಿ, ಅದೂ ಮಳೆಗಾಲದಲ್ಲಿ, ನಾನು ಎರಡು ಕಾರಣ ಮೊದಲು ನೋಡುತ್ತೇನೆ.

ಮೊದಲನೆಯದು ಪ್ಯಾನೋಸ್ಟಿಯೈಟಿಸ್. ಹೆಸರು ಉದ್ದ, ಕಾಯಿಲೆ ಅಷ್ಟು ಕೆಟ್ಟದಲ್ಲ. 5ರಿಂದ 18 ತಿಂಗಳ ಒಳಗಿನ ದೊಡ್ಡ ತಳಿಗಳಿಗೆ, ಅದರಲ್ಲೂ ಗಂಡು ಜರ್ಮನ್ ಶೆಫರ್ಡ್‌ಗಳಿಗೆ ಜಾಸ್ತಿ ಬರುತ್ತದೆ. ಉದ್ದ ಮೂಳೆಗಳ ಒಳಗೆ ಉರಿಯೂತ. ಒಂದು ಕಾಲಿನಲ್ಲಿ ಕೆಲವು ದಿನ ಅಥವಾ ವಾರ ಇದ್ದು ಇನ್ನೊಂದಕ್ಕೆ ಹೋಗುತ್ತದೆ. ಮೂಳೆಯ ನಡುಭಾಗವನ್ನು ಗಟ್ಟಿಯಾಗಿ ಒತ್ತಿದರೆ ನಾಯಿ ಕೂಗುತ್ತದೆ ಅಥವಾ ಕಾಲು ಎಳೆದುಕೊಳ್ಳುತ್ತದೆ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ನೋವು ಇರುವಾಗ ಡಾಕ್ಟರ್ ಹೇಳಿದ ಮಾತ್ರೆ, ವಿಶ್ರಾಂತಿ, ಅಷ್ಟೇ. ಎರಡು ವರ್ಷದ ಹೊತ್ತಿಗೆ ಪೂರ್ತಿ ನಿಲ್ಲುತ್ತದೆ. ಆದರೆ ಶೆಫರ್ಡ್‌ನ ಮುಂಗಾಲು ಕುಂಟಿದೆ ಅಂದಮೇಲೆ ಮೊಣಕೈ ಕೀಲನ್ನೂ ಪರೀಕ್ಷೆ ಮಾಡಿಸು. ಈ ತಳಿಯಲ್ಲಿ ಅಲ್ಲಿನ ಒಂದು ಚಿಕ್ಕ ಮೂಳೆ ತುಂಡು 5 ತಿಂಗಳ ಹೊತ್ತಿಗೆ ಕೂಡಿಕೊಳ್ಳಬೇಕು, ಕೆಲವಕ್ಕೆ ಕೂಡಿಕೊಳ್ಳುವುದೇ ಇಲ್ಲ.

ಎರಡನೆಯದು ಉಣ್ಣಿಯಿಂದ ಬರುವ ಟಿಕ್ ಫೀವರ್. ಊಟ ಕಡಿಮೆ ಅಂತ ಬರೆದಿದ್ದೀಯಲ್ಲ, ನನಗೆ ಹೆದರಿಕೆ ಅದರದ್ದೇ. ಎರ್ಲಿಕಿಯಾ ಅನ್ನುವ ಬ್ಯಾಕ್ಟೀರಿಯಾ ನಾಯಿಯ ಕಂದು ಉಣ್ಣಿಯಿಂದ ರಕ್ತಕ್ಕೆ ಸೇರುತ್ತದೆ. ಜ್ವರ, ಮಂಕು, ಕೀಲುಗಳಲ್ಲಿ ನೋವು, ಪ್ಲೇಟ್‌ಲೆಟ್ ಇಳಿತ, ಕೆಲವೊಮ್ಮೆ ಮೂಗಿನಿಂದ ರಕ್ತ. ಕುಂಟು ಕಾಲಿಂದ ಕಾಲಿಗೆ ಓಡಾಡುವುದು ಇದರಲ್ಲೂ ಇದೆ. ಮೈಮೇಲೆ ಉಣ್ಣಿ ಕಾಣದಿದ್ದರೆ ಟಿಕ್ ಫೀವರ್ ಅಲ್ಲ ಅಂತ ಅಂದುಕೊಳ್ಳಬೇಡ. ಅದು ಕಚ್ಚಿ ರಕ್ತ ಕುಡಿದು ಬಿದ್ದುಹೋದ ಮೇಲೆ ಒಂದೆರಡು ವಾರಕ್ಕೆ ಜ್ವರ ಬರುತ್ತದೆ. ಹಾಗಾಗಿ ಮೊದಲು ರಕ್ತ ಪರೀಕ್ಷೆ, ಆಮೇಲೆ ಎಕ್ಸ್‌ರೇ. ಬಬೇಸಿಯಾ ಅನ್ನುವ ಇನ್ನೊಂದು ಉಣ್ಣಿ ಕಾಯಿಲೆಯೂ ನಮ್ಮಲ್ಲಿ ಇದೆ, ಅದಕ್ಕೆ ಔಷಧಿ ಬೇರೆ, ಆದ್ದರಿಂದ ಊಹೆಯ ಮೇಲೆ ಮಾತ್ರೆ ನುಂಗಿಸಬೇಡ. ಎರ್ಲಿಕಿಯಾ ಅಂತ ಗೊತ್ತಾದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 28 ದಿನ ಕೊಡುತ್ತಾರೆ. ಮೂರನೇ ದಿನಕ್ಕೇ ನಾಯಿ ಚುರುಕಾಗಿ ಓಡಾಡುತ್ತದೆ, ಆಗ ಅಣ್ಣ ಅತ್ತಿಗೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ನೀನು ಕ್ಯಾಲೆಂಡರ್ ಮೇಲೆ ಗುರುತು ಹಾಕಿ ಪೂರ್ತಿ ಮುಗಿಸು.

ಟೇಕಡಿ ಬಿಡಬೇಕಾಗಿಲ್ಲ. ಮನೆಗೆ ಬಂದ ಕೂಡಲೇ ಕಿವಿಯ ಒಳಗೆ, ಕೊರಳಪಟ್ಟಿಯ ಕೆಳಗೆ, ಬೆರಳುಗಳ ಸಂದಿಯಲ್ಲಿ ಹುಡುಕು. ಈ ಉಣ್ಣಿ ಮನೆಯ ಒಳಗೂ ಗೋಡೆ ಬಿರುಕಿನಲ್ಲಿ, ಸೋಫಾ ಹಿಂದೆ ಮೊಟ್ಟೆ ಇಡುತ್ತದೆ, ಒಂದು ಹೆಣ್ಣು ಸಾವಿರಗಟ್ಟಲೆ. ನಾಯಿಗೆ ಮಾತ್ರ ಔಷಧಿ ಹಾಕಿ ಮನೆ ಬಿಟ್ಟರೆ ಪ್ರಯೋಜನ ಇಲ್ಲ. ಉಣ್ಣಿ ತಡೆಯುವ ಮಾತ್ರೆಗಳು ಈಗ ಒಳ್ಳೆಯವು ಬಂದಿವೆ, ತೂಕ ನೋಡಿ ಡಾಕ್ಟರೇ ಬರೆದುಕೊಡುತ್ತಾರೆ.

ಪ್ರಶ್ನೆ (ಮುಲುಂಡ್): ನಮ್ಮ ಚಿನ್ನು ಪಾಮೇರಿಯನ್, ಎರಡು ವರ್ಷ. ಓಡುವಾಗ ಹಿಂದಿನ ಒಂದು ಕಾಲು ಎತ್ತಿ ಮೂರ್ನಾಲ್ಕು ಹೆಜ್ಜೆ ಮೂರೇ ಕಾಲಲ್ಲಿ ಹೋಗುತ್ತಾಳೆ, ಕಾಲು ಹಿಂದಕ್ಕೆ ಝಾಡಿಸುತ್ತಾಳೆ, ಮತ್ತೆ ಮಾಮೂಲು. ಅಳುವುದೂ ಇಲ್ಲ. ಮಕ್ಕಳು ಅದು ಅವಳ ಸ್ಟೈಲ್ ಅಂತ ನಗುತ್ತಾರೆ.

ಉತ್ತರ: ಮಂಡಿಚಿಪ್ಪು ತನ್ನ ಕಾಲುವೆಯಿಂದ ಪಕ್ಕಕ್ಕೆ ಜಾರುತ್ತಿದೆ, ಝಾಡಿಸಿದಾಗ ಮತ್ತೆ ಕೂರುತ್ತಿದೆ ಅನ್ನಿಸುತ್ತದೆ. ಸಣ್ಣ ತಳಿಗಳಲ್ಲಿ ಬಹಳ ಸಾಮಾನ್ಯ. ಇದಕ್ಕೆ ನಾಲ್ಕು ಹಂತಗಳಿವೆ. ಯಾವ ಹಂತ ಅಂತ ಡಾಕ್ಟರ್ ಕೈಯಲ್ಲೇ ಮುಟ್ಟಿ ಹೇಳುತ್ತಾರೆ. ಮೊದಲ ಹಂತಕ್ಕೆ ತೂಕ ಇಳಿಸಿ ಗಮನಿಸಿದರೆ ಸಾಕು. ಎರಡನೇ ಹಂತದಲ್ಲಿ ದಿನಾ ದಿನಾ ಜಾರುತ್ತಿದ್ದರೆ, ಮೂರು ನಾಲ್ಕರಲ್ಲಿ ಖಂಡಿತ, ಆಪರೇಷನ್ ಬಗ್ಗೆ ಮಾತಾಡಬೇಕು. ಜಾರಿದಾಗಲೆಲ್ಲ ಕೀಲಿನ ಮೃದ್ವಸ್ಥಿ (ಮೂಳೆ ತುದಿಯ ನುಣುಪು ಪದರ) ಉಜ್ಜಿ ಸವೆಯುತ್ತದೆ. ನೋವಿಲ್ಲದ ಹಾಗೆ ಕಾಣುವುದು ಇವತ್ತಿನ ಮಾತು. ಮಂಚ, ಸೋಫಾದಿಂದ ಹಾರಲು ಬಿಡಬೇಡಿ. ಚಿನ್ನುಗೆ ಮರಿ ಹಾಕಿಸುವ ಯೋಚನೆ ಇದ್ದರೆ ದಯವಿಟ್ಟು ಬಿಡಿ, ಇದು ಮರಿಗಳಿಗೂ ಹೋಗುತ್ತದೆ.

ಪ್ರಶ್ನೆ (ಮೀರಾ ರೋಡ್): ನಮ್ಮದು ಶುದ್ಧ ಸಸ್ಯಾಹಾರಿ ಮನೆ. 4 ತಿಂಗಳ ಲ್ಯಾಬ್ರಡಾರ್ ಮರಿಗೆ ಹಾಲು ಅನ್ನ, ಚಪಾತಿ, ತರಕಾರಿ ಕೊಡುತ್ತೇವೆ. ಮುಂಗಾಲು ಸ್ವಲ್ಪ ಬಾಗಿದಂತಿದೆ, ಕುಂಟುತ್ತಾನೆ, ಎತ್ತಿಕೊಂಡರೆ ಕಿರುಚುತ್ತಾನೆ. ದಿನಾ ಬಾಲ್ಕನಿ ಬಿಸಿಲಲ್ಲಿ ಕೂರಿಸುತ್ತಿದ್ದೇವೆ, ಕಡಿಮೆಯಾಗಿಲ್ಲ.

ಉತ್ತರ: ಇದು ಕಾಯುವ ವಿಷಯ ಅಲ್ಲ, ಈ ವಾರವೇ ಎಕ್ಸ್‌ರೇ ಮಾಡಿಸಿ. ಅನ್ನ ಹಾಲಿನ ಊಟದಲ್ಲಿ ಬೆಳೆಯುವ ಲ್ಯಾಬ್ರಡಾರ್‌ಗೆ ಬೇಕಾದಷ್ಟು ಕ್ಯಾಲ್ಸಿಯಂ ಸಿಗುವುದಿಲ್ಲ. ಬರೀ ಚಿಕನ್ ಹಾಕುವ ಮನೆಗಳಲ್ಲೂ ಇದೇ ತೊಂದರೆ, ಮಾಂಸದಲ್ಲಿ ರಂಜಕ (ಫಾಸ್ಫರಸ್) ತುಂಬ, ಕ್ಯಾಲ್ಸಿಯಂ ತೀರಾ ಕಡಿಮೆ. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ದೇಹ ಮೂಳೆಯಿಂದಲೇ ಕಿತ್ತು ತೆಗೆಯುತ್ತದೆ. ಮೂಳೆ ತೆಳುವಾಗಿ, ಬಾಗಿ, ಸುಮ್ನೆ ಸೋಫಾದಿಂದ ಇಳಿದರೂ ಬಿರುಕು ಬಿಡುತ್ತದೆ. ಬಿಸಿಲಿನಿಂದ ಲಾಭ ಇಲ್ಲ, ನಾಯಿಯ ಚರ್ಮ ನಮ್ಮ ಚರ್ಮದ ಹಾಗೆ ವಿಟಮಿನ್ ಡಿ ತಯಾರಿಸುವುದಿಲ್ಲ, ಅದಕ್ಕೆ ಊಟದಲ್ಲೇ ಸಿಗಬೇಕು.

ದೊಡ್ಡ ತಳಿಯ ಮರಿಗಳಿಗೆ ಅಂತಲೇ ಇರುವ ಪೂರ್ಣ ಆಹಾರಕ್ಕೆ ಬದಲಿಸಿ. ಸಸ್ಯಾಹಾರಿ ಪ್ಯಾಕೆಟ್‌ಗಳೂ ಸಿಗುತ್ತವೆ, ಬೆಳೆಯುವ ಮರಿಗೆ ಪೂರ್ಣ ಆಹಾರ ಅಂತ ಪ್ಯಾಕೆಟ್ ಮೇಲೆ ಬರೆದಿದೆಯಾ ನೋಡಿ. ಡೊಂಬಿವಲಿಯವರಿಗೆ ಕ್ಯಾಲ್ಸಿಯಂ ಬೇಡ ಅಂದೆ. ನಿಮ್ಮ ಮರಿಗೆ ಬೇಕಾಗಬಹುದು, ಆದರೆ ಎಷ್ಟು ಅನ್ನುವುದನ್ನು ಡಾಕ್ಟರ್ ಲೆಕ್ಕ ಹಾಕಿ ಹೇಳಬೇಕು. ಅಲ್ಲಿಯವರೆಗೆ ಚಿಕ್ಕ ಜಾಗದಲ್ಲಿ ಮೆತ್ತನೆ ಹಾಸಿಗೆ ಹಾಕಿ ಇಡಿ, ಮಕ್ಕಳು ಎತ್ತಿ ಆಡಿಸುವುದು ಬೇಡ. ಬೇಗ ಹಿಡಿದರೆ ಇಂಥ ಮರಿಗಳು ಚೆನ್ನಾಗಿ ಚೇತರಿಸಿಕೊಳ್ಳುತ್ತವೆ, ಧೈರ್ಯವಾಗಿರಿ.

ಪ್ರಶ್ನೆ (ಠಾಣೆ): ನಾಯಿ ಕುಂಟಿದಾಗ ಮನೆಯಲ್ಲಿರುವ ಡೋಲೋ ಅಥವಾ ಬ್ರೂಫೆನ್ ಅರ್ಧ ಕೊಡಬಹುದಾ?

ಉತ್ತರ: ಬೇಡ. ಬ್ರೂಫೆನ್‌ನಲ್ಲಿರುವ ಐಬುಪ್ರೊಫೆನ್, ಹಾಗೇ ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಡೋಲೋದಲ್ಲಿರುವ ಪ್ಯಾರಸಿಟಮಾಲ್ ಹೆಚ್ಚಾದರೆ ಲಿವರ್‌ಗೆ ಅಪಾಯ, ಬೆಕ್ಕಿಗಂತೂ ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಹುದು. ನಾಯಿಗಳಿಗೆ ಅಂತಲೇ ಬೇರೆ ನೋವಿನ ಔಷಧಿಗಳಿವೆ. ಅವನ್ನೂ ಸ್ಟೆರಾಯ್ಡ್ ಜೊತೆ ಸೇರಿಸಬಾರದು, ಹಾಗಾಗಿ ಬೇರೆ ಡಾಕ್ಟರ್ ಹತ್ತಿರ ಹೋದಾಗ ಮೊದಲು ಕೊಟ್ಟದ್ದೇನು ಅಂತ ಹೇಳಿ. ಮನುಷ್ಯರ ಮಾತ್ರೆ ಈಗಾಗಲೇ ಕೊಟ್ಟಿದ್ದರೆ ವಾಂತಿ ಆಗಲಿ ಅಂತ ಕಾಯಬೇಡಿ, ಸ್ಟ್ರಿಪ್ ಕೈಯಲ್ಲಿ ಹಿಡಿದು ಕೂಡಲೇ ಫೋನ್ ಮಾಡಿ. ಕಾಲು ನೆಲಕ್ಕೆ ಇಡಲೇ ಆಗದಿದ್ದರೆ, ಜೋತು ಬಿದ್ದಿದ್ದರೆ, ಊತ ಅಥವಾ ಜ್ವರ ಇದ್ದರೆ ಅದೇ ದಿನ ತೋರಿಸಿ. ಸಣ್ಣ ಕುಂಟು ಎರಡು ವಾರದ ವಿಶ್ರಾಂತಿಗೂ ಬಗ್ಗದಿದ್ದರೆ, ಅಥವಾ ಹೋಗಿ ಮತ್ತೆ ಬಂದರೆ, ಆಗಲೂ ತೋರಿಸಲೇಬೇಕು.

ಪ್ರಶ್ನೆ (ಗೋವಾ, ವಾಸ್ಕೋ): ಬೀದಿಯಿಂದ ತಂದು ಸಾಕಿದ ಕರಿಯ, ಒಂದೂವರೆ ವರ್ಷ. ಸಂಜೆ ಬೀಚಿನಲ್ಲಿ ಬಿಡುತ್ತೇವೆ. ಎರಡು ದಿನದಿಂದ ಮುಂದಿನ ಕಾಲು ಕುಂಟುತ್ತಿದ್ದಾನೆ, ಬೆರಳ ಸಂದಿ ನೆಕ್ಕುತ್ತಲೇ ಇರುತ್ತಾನೆ.

ಉತ್ತರ: ನೆಕ್ಕುವ ಜಾಗದಲ್ಲೇ ತೊಂದರೆ ಇದೆ. ಬೀಚಿನಲ್ಲಿ ಒಡೆದ ಬಾಟಲಿ ಗಾಜು, ಮೀನಿನ ಗಾಳ, ಚಿಪ್ಪಿನ ಚೂರು ಎಲ್ಲ ಇರುತ್ತವೆ. ಒಬ್ಬರು ತಲೆ ಹಿಡಿದುಕೊಳ್ಳಿ, ಇನ್ನೊಬ್ಬರು ಟಾರ್ಚ್ ಹಾಕಿ ಒಂದೊಂದೇ ಬೆರಳು ಬಿಡಿಸಿ ನೋಡಿ. ಮೆತ್ತೆ ಸೀಳಿದೆಯಾ, ಉಗುರು ಬುಡದಲ್ಲಿ ಮುರಿದಿದೆಯಾ, ಸಂದಿ ಕೆಂಪಾಗಿದೆಯಾ ನೋಡಿ. ಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಒದ್ದೆ ಸಂದಿಗೇ ಬೇಗ ಸೋಂಕು ಬರುತ್ತದೆ. ಮೇಲೆ ಕಾಣುವ ಮುಳ್ಳು ಚಿಮಟದಲ್ಲಿ ತೆಗೆಯಬಹುದು. ಗಾಳ ಚುಚ್ಚಿದ್ದರೆ ಮಾತ್ರ ಎಳೆಯಬೇಡಿ, ಅದರ ತುದಿಯಲ್ಲಿ ಹಿಮ್ಮುಖ ಕೊಕ್ಕೆ ಇರುತ್ತದೆ, ಮಾಂಸ ಹರಿಯುತ್ತದೆ. ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಿ ನೆಕ್ಕುವುದು ತಪ್ಪಿಸಿ. ಎರಡು ದಿನದಲ್ಲಿ ಇಳಿಯದಿದ್ದರೆ, ಅಥವಾ ಗಾಯ ಮಾಯ್ದ ಮೇಲೆ ಅದೇ ಜಾಗದಲ್ಲಿ ಮತ್ತೆ ಊದಿದರೆ ಒಳಗೆ ಏನೋ ಉಳಿದಿದೆ ಅಂತಲೇ ತಿಳಿಯಿರಿ. ಗಾಜು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುತ್ತದೆ, ಮುಳ್ಳು ಕಾಣುವುದಿಲ್ಲ. ಆದ್ದರಿಂದ ಎಕ್ಸ್‌ರೇ ಚೆನ್ನಾಗಿದ್ದರೂ ಊತ ಉಳಿದರೆ ಡಾಕ್ಟರಿಂದ ಅದನ್ನು ಬಿಡಿಸಿ ಒಳಗೆ ನೋಡಿಸಿ.